ಬ್ಯಾನರ್ ಹಿಡಿದವರ ಫೋಟೊ

ಗದಗಿನಿಂದ ಬರೆದ ಓದುಗರೇ,

ನಿಮ್ಮ ಪತ್ರ ನೇರವಾಗಿದೆ. ‘ಸೆಪ್ಟೆಂಬರ್ 29, ವಿಶ್ವ ಹೃದಯ ದಿನ ಬಂತೆಂದರೆ ನಿಮ್ಮ ಪುಟಗಳ ತುಂಬ ಆಸ್ಪತ್ರೆಯವರ ಸುದ್ದಿ. ಉಳಿದ ದಿನ ಹೃದಯದ ಮಾತೇ ಇಲ್ಲ. ಇದು ಸುದ್ದಿಯೋ, ಜಾಹೀರಾತೋ?’ ಎಂದು ಕೇಳಿದ್ದೀರಿ.

ಮುಚ್ಚಿಡುವುದೇನಿದೆ? ಆ ವಾರ ನಮ್ಮ ಹುಬ್ಬಳ್ಳಿ ಕಚೇರಿಯ ವಾಟ್ಸ್‌ಆ್ಯಪ್‌ಗೆ ಪ್ರಕಟಣೆಗಳು ಒಂದರ ಹಿಂದೊಂದು ಬೀಳುತ್ತವೆ. ತಲೆಬರಹವೂ ಅವರದೇ. ಜೊತೆಗೆ ಬ್ಯಾನರ್ ಹಿಡಿದು ನಿಂತ ಎಂಟು ಜನರ ಫೋಟೊ. ಪುಟ ಮುಗಿಸುವ ಗಡಿಬಿಡಿಯಲ್ಲಿ ಕಾಗುಣಿತ ತಿದ್ದಿ ಹಾಕಿಬಿಡುತ್ತೇವೆ. ಒಮ್ಮೆ ಖಾಸಗಿ ಆಸ್ಪತ್ರೆಯೊಂದರ ತಪಾಸಣೆ ಪ್ಯಾಕೇಜಿನ ದರ ಕೂಡ ಸುದ್ದಿಯೊಳಗೇ ಉಳಿದುಬಿಟ್ಟಿತ್ತು. ತಪ್ಪು ನಮ್ಮದೇ.

ಆದರೆ ಯಾರೋ ಬೆನ್ನು ಹತ್ತಿ ಬರೆಸಿದ್ದೆಲ್ಲ ಕೆಟ್ಟದ್ದು ಅಂದರೆ ಒಪ್ಪಲಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಮ್ಮ ಬೆನ್ನು ಹತ್ತುವವರೇ ಬೇಕಾಗಲಿಲ್ಲ. ವಾರಗಟ್ಟಲೆ ಬರೆದೆವು. ಬರೆದದ್ದೇನು? ಜಿಮ್ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಚರ್ಚೆ. ಜನ ಹೆದರಿ ಇಸಿಜಿಗೆ ಸಾಲು ನಿಂತರು. ಬಿ.ಪಿ., ಬೀಡಿ, ಉಪ್ಪಿನ ಮಾತು ಒಳಪುಟದ ಮೂಲೆ ದಾಟಲಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚೂಕಡಿಮೆ ಒಂದು ಚಹಾ ಚಮಚ. (ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಗಿರ್ಮಿಟ್ ಇದೆ, ಪಕ್ಕದಲ್ಲಿ ಉಪ್ಪು ಹಚ್ಚಿ ಕರಿದ ಮೆಣಸಿನಕಾಯಿ. ಸುಮ್ನೆ ಹೇಳಿದೆ.)

ಪೊಟ್ಟಣದ ತಿನಿಸಿನ ಮುಂಬದಿಯಲ್ಲೇ ‘ಉಪ್ಪು ಜಾಸ್ತಿ, ಸಕ್ಕರೆ ಜಾಸ್ತಿ’ ಎಂಬ ಎಚ್ಚರಿಕೆ ಬರಲಿ ಎಂದು ಕೇಳುವ ಗುಂಪುಗಳಿವೆ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಕೆಯ ಬದಲು, ತಿನಿಸು ಎಷ್ಟು ಒಳ್ಳೆಯದು ಎಂದು ನಕ್ಷತ್ರಗಳಲ್ಲಿ ತೋರಿಸುವ ನಿಯಮದ ಕರಡು ತಂದಾಗ ಅವರು ವಿರೋಧಿಸಿದರು. ಅವರು ಪತ್ರಿಕೆಗಳ ಬೆನ್ನು ಹತ್ತದಿದ್ದರೆ ಆ ಸುದ್ದಿ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ಆಸ್ಪತ್ರೆಯ ಪ್ರಕಟಣೆ ನಿಮ್ಮನ್ನು ಕೇಳುತ್ತದೆ: ತಪಾಸಣೆ ಮಾಡಿಸಿದಿರಾ? ಇವರದು ಕಂಪನಿಯನ್ನು, ಸರ್ಕಾರವನ್ನು ಕೇಳುತ್ತದೆ. ನಾನು ಇವರಿಗೇ ಜಾಸ್ತಿ ಜಾಗ ಬಿಡುತ್ತೇನೆ. ಹಾಗಂತ ಇದನ್ನೂ ಕಾಗುಣಿತ ತಿದ್ದಿ ಹಾಕಿದರೆ ಆಗದು. ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ಕೇಳಬೇಕು, ಅಲ್ವಾ?

ಮುಂದಿನ ಸಂಚಿಕೆಗಾಗಿ ನಮ್ಮ ವರದಿಗಾರರು ರೋಣ, ಮುಂಡರಗಿ, ಶಿರಹಟ್ಟಿಗೆ ಹೊರಟಿದ್ದಾರೆ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವುದು ಅದರ ಉದ್ದೇಶ. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಬಂದವರಿಗೆ ಅದು ಸಿಗುತ್ತದಾ? ಇಸಿಜಿ ತೆಗೆಯುವವರು ಇರುತ್ತಾರಾ? ನೋಡಿ ಬರೆಯುತ್ತೇವೆ. ನಿಮ್ಮ ಕಡೆಯ ಆಸ್ಪತ್ರೆಯಲ್ಲಿ ನೀವು ಕಂಡದ್ದನ್ನೂ ಬರೆದು ಕಳಿಸಿ. ಬ್ಯಾನರ್ ಫೋಟೊ ಬೇಡ.

ಸಂಪಾದಕ