ನೊರೆಯನ್ನು ಬಿಡಿ, ಆಳವನ್ನು ನೋಡಿ

ಅಮೆರಿಕದ ಪೋರ್ಟ್‌ಲ್ಯಾಂಡಿನ ಮಗಳ ಮನೆಗೆ ಹೋಗಿ, ಕೊಲಂಬಿಯಾ ನದಿಯ ಬಾನವಿಲ್ ಅಣೆಕಟ್ಟು ನೋಡಿಬಂದ, ಮೀನು ಸಾಕುವ ನಮ್ಮ ಸದಸ್ಯರೊಬ್ಬರು ಕೇಳಿದ್ದಾರೆ: ಗೇಟಿನಿಂದ ಬೆಳ್ಳನೆ ನೊರೆಯುಕ್ಕಿಸುತ್ತ ಬೀಳುವ ನೀರು ಸಾಲ್ಮನ್ ಮರಿಗಳಿಗೆ ಅಪಾಯವಂತೆ, ಹೌದೇ? ಗಾಳಿ ಬೆರೆಯಲೆಂದೇ ಅಲ್ಲವೇ ನಾವು ಕೊಳಕ್ಕೆ ಏರೇಟರ್ ಹಾಕುವುದು?

ಏರೇಟರ್ ಮೇಲ್ನೀರನ್ನಷ್ಟೇ ಚಿಮ್ಮಿಸುತ್ತದೆ. ಹೆಚ್ಚಾದ ಗಾಳಿ ಅಲ್ಲೇ ಹಾರಿಹೋಗುತ್ತದೆ. ಗೇಟಿನಿಂದ ಧುಮುಕುವ ನೀರು ಹಾಗಲ್ಲ, ಗುಳ್ಳೆಗಳನ್ನು ಮಡುವಿನ ಆಳಕ್ಕೆ ಎಳೆದೊಯ್ಯುತ್ತದೆ. ಅಲ್ಲಿನ ಒತ್ತಡಕ್ಕೆ ಆಮ್ಲಜನಕದ ಜೊತೆ ಸಾರಜನಕವೂ ಮಿತಿಮೀರಿ ಕರಗುತ್ತದೆ. ಅದೇ ನೀರು ಮುಂದೆ ತೆಳುವಾಗಿ ಹರಿಯುವಾಗ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ. ಮೀನಿನ ಕಿವಿರಿನಲ್ಲಿ, ರೆಕ್ಕೆಯಲ್ಲಿ, ಕಣ್ಣಿನ ಹಿಂದೆ ಗುಳ್ಳೆ ಏಳುತ್ತದೆ. ನೀರು ಆಳಕ್ಕೆ ಧುಮುಕದೆ ಮೇಲ್ಮೈಯಲ್ಲೇ ಜಾರಿಹೋಗಲಿ ಎಂದು ಅಲ್ಲಿ ಗೇಟುಗಳ ಕೆಳಗೆ ಕಾಂಕ್ರೀಟಿನ ತುಟಿ ಕಟ್ಟಿದ್ದಾರೆ.

ಕರಗಿದ ಅನಿಲಕ್ಕೆ ಅಲ್ಲಿ ಸಾಮಾನ್ಯ ಮಿತಿ ಸಂತೃಪ್ತ ಮಟ್ಟದ, ಅಂದರೆ ನೀರು ಸಹಜವಾಗಿ ಹಿಡಿದಿಟ್ಟುಕೊಳ್ಳಬಲ್ಲಷ್ಟರ, ಶೇ 110. ವಸಂತದಲ್ಲಿ ಸಮುದ್ರಕ್ಕೆ ಹೊರಟ ಮರಿಗಳು ಟರ್ಬೈನಿಗೆ ಸಿಗದೆ ದಾಟಲೆಂದು ನೀರು ಬಿಡುವಾಗ ಶೇ 120, ಈಚೆಗೆ ಶೇ 125ರವರೆಗೂ ಸಡಿಲಿಸಿದ್ದಾರೆ. ಒಂದು ಮರಿಗೆ ದಾರಿ ಮಾಡಿಕೊಡಲು ಹೋಗಿ ಇನ್ನೊಂದಕ್ಕೆ ಕುತ್ತು ತರುವ ಪೇಚು ಇದು.

ಯಾಕೆಂದರೆ ಅಣೆಕಟ್ಟಿನ ಸ್ವಲ್ಪ ಕೆಳಗೆ, ಐವ್ಸ್ ದ್ವೀಪದ ಸುತ್ತ, ಚಮ್ ಸಾಲ್ಮನ್‌ಗಳು ನವೆಂಬರ್-ಡಿಸೆಂಬರಿನಲ್ಲಿ ಜಲ್ಲಿಯಲ್ಲಿ ಮೊಟ್ಟೆ ಹುಗಿಯುತ್ತವೆ. 1999ರಿಂದ ಅಲ್ಲಿನ ಅಳಿವಿನಂಚಿನ ಜೀವಿಗಳ ಕಾಯ್ದೆಯ ರಕ್ಷಣೆಯಲ್ಲಿರುವ ಮೀನು ಅದು. ಮೊಟ್ಟೆ ಅನಿಲವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹೊಟ್ಟೆಯಡಿ ಹಳದಿ ಚೀಲ ಹೊತ್ತು ಜಲ್ಲಿಯೊಳಗೇ ಕುಳಿತ ಮರಿಗೆ ಆ ಶಕ್ತಿಯಿಲ್ಲ. ಒಂದು ಮೀಟರ್ ಆಳಕ್ಕೆ ಇಳಿದರೆ ಸುಮಾರು ಶೇ 10ರಷ್ಟು ಅನಿಲದ ಕಾಟ ತಗ್ಗುತ್ತದೆ. ಶೇ 120ರ ನೀರಿನಲ್ಲಿ ದೊಡ್ಡ ಮೀನು ಎರಡು ಮೀಟರ್ ಇಳಿದು ಬಚಾವಾಗುತ್ತದೆ. ಈ ಮರಿ ಎಲ್ಲಿಗೆ ಇಳಿದೀತು? ಹಾಗಾಗಿ ಅಣೆಕಟ್ಟಿನವರು ಕೆಳಗಿನ ನೀರಿನ ಮಟ್ಟವನ್ನು ಮರಿಗಳು ಜಲ್ಲಿಯಿಂದ ಏಳುವವರೆಗೂ ಇಳಿಯದಂತೆ ಕಾಪಾಡಬೇಕು. ಮಟ್ಟ ಇಳಿದರೆ ಗೂಡು ಒಣಗುವ ಭಯ ಒಂದು. ಒಣಗದಿದ್ದರೂ ತಲೆಯ ಮೇಲಿನ ನೀರಿನ ರಕ್ಷೆ ಹೋಯಿತು. ಚಮ್‌ಗೆ ಒಂದು ಅನುಕೂಲವಿದೆ: ನೆಲದಡಿಯಿಂದ ಬೆಚ್ಚನೆಯ ನೀರು ಒಸರುವ ಜಾಗವನ್ನೇ ಅದು ಹುಡುಕುತ್ತದೆ. ಒಸರು ಜೋರಾಗಿರುವಲ್ಲಿ ನದಿಯ ಅನಿಲ ಗೂಡಿಗೆ ಅಷ್ಟಾಗಿ ಇಳಿಯುವುದಿಲ್ಲ.

ಈ ಗುಳ್ಳೆಯ ಕಾಯಿಲೆಯನ್ನು ನಾನು ಕಂಡದ್ದು ನನ್ನದೇ ತೊಟ್ಟಿಯಲ್ಲಿ. ಕಾಟ್ಲಾ ಮರಿಗಳು ತಲೆಕೆಳಗಾಗಿ ತೇಲತೊಡಗಿದವು. ಆಮ್ಲಜನಕದ ಮೀಟರ್ ಏನೂ ತಪ್ಪಿಲ್ಲ ಎನ್ನುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಬಾಲದ ರೆಕ್ಕೆಯೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು. ಪಂಪಿನ ಹೀರುಕೊಳವೆಯ ಜಾಯಿಂಟಿನಲ್ಲಿ ಕೂದಲೆಳೆಯ ಬಿರುಕಿತ್ತು. ಅದು ಗಾಳಿ ಹೀರಿ, ಒತ್ತಡದಲ್ಲಿ ನೀರಿಗೆ ಕರಗಿಸುತ್ತಿತ್ತು. ಜಾಯಿಂಟ್ ಬದಲಿಸಿ, ನೀರನ್ನು ತೂತಿನ ತಟ್ಟೆಯ ಮೇಲೆ ಹನಿಹನಿಯಾಗಿ ಬೀಳಿಸಿ ತೊಟ್ಟಿಗೆ ಬಿಟ್ಟ ಮೇಲೆ ಸಾವು ನಿಂತಿತು.

ಬೋರ್‌ವೆಲ್ ನೀರನ್ನು ನೇರವಾಗಿ ಮರಿತೊಟ್ಟಿಗೆ ಬಿಡುವವರು ಇಂದೇ ಮೊಳಕೈವರೆಗೆ ಕೈ ಅದ್ದಿ ಒಂದೆರಡು ನಿಮಿಷ ಅಲುಗಿಸದೆ ನೋಡಿ. ಕೂದಲಿಗೆಲ್ಲ ಬೆಳ್ಳಿಯ ಗುಳ್ಳೆ ಅಂಟಿಕೊಂಡರೆ ಮೊದಲು ಪೈಪಿನ ಜಾಯಿಂಟುಗಳನ್ನು ತಡವಿ, ಔಷಧಿ ಆಮೇಲೆ.