ಊರಿನ ಹೆಸರು ಕೇಳಿದ ಮೇಲೆ ಕೇಳಿಸುವ ಕನ್ನಡ

ಪತ್ರ: “ಘಟ್ಟದ ಮೇಲಿನ ಒಂದು ಭಾಷಣ ಸ್ಪರ್ಧೆಯಲ್ಲಿ ಮಗಳ ಹೆಸರಿನ ಜೊತೆಗೆ ‘ಕಾಸರಗೋಡು’ ಎಂದು ಕೂಗಿ ಕರೆದರು. ಮುಗಿದ ಮೇಲೆ ತೀರ್ಪುಗಾರರೊಬ್ಬರು, ‘ಚೆನ್ನಾಗಿತ್ತು, ಆದರೆ ಮಲಯಾಳದ ವಾಸನೆ ಇದೆ’ ಎಂದರು. ಮನೆಯಲ್ಲಿ ನಾವು ಆಡುವುದು ಕನ್ನಡವೇ. ವಿಚಿತ್ರವೆಂದರೆ, ಆ ದಿನದಿಂದ ನನಗೂ ಅದು ಕೇಳಿಸುತ್ತಿದೆ. ಕಿವಿ ಸುಳ್ಳು ಹೇಳುತ್ತದೆಯೆ?”
– ಬದಿಯಡ್ಕದ ಓದುಗರು

ಉತ್ತರ: ತೀರ್ಪುಗಾರರ ಮಾತಿಗೆ ನೊಂದು ಬರೆಯುವವರು ಹಲವರು. ತನ್ನ ಕಿವಿಯೂ ಬದಲಾಯಿತೆಂದು ಒಪ್ಪಿಕೊಂಡವರು ನೀವು, ಅದಕ್ಕೇ ಈ ಪತ್ರವನ್ನು ಆರಿಸಿಕೊಂಡೆವು.

ತೀರ್ಪುಗಾರರ ಮಾತಿಗೆ ಸಲ್ಲಬೇಕಾದದ್ದು ಸಲ್ಲಲಿ. ಮಲಯಾಳದಲ್ಲಿ ಎರಡು ಸ್ವರಗಳ ನಡುವೆ ಬರುವ ಒಂಟಿ ಕ, ಟ, ತಗಳು ಸಡಿಲವಾಗುತ್ತವೆ. ‘ಪಾಠಂ’ ಎಂದು ಬರೆದದ್ದು ಬಾಯಲ್ಲಿ ‘ಪಾಡಂ’ ಆಗುತ್ತದೆ. ಮಗಳ ‘ಕತೆ’ ಕದೆಯಾಗುತ್ತದೆಯೆ, ‘ಮಾತು’ ಮಾದು ಆಗುತ್ತದೆಯೆ ಎಂದು ನೋಡಿ. ಹಾಗಾಗುತ್ತಿದ್ದರೆ ತಿದ್ದಬಹುದು. ಅಲ್ಲಿಗೆ ಆ ಮಾತು ಮುಗಿಯಿತು.

ನಿಮ್ಮ ಕಿವಿಯ ವಿಷಯ ಅದಕ್ಕಿಂತ ದೊಡ್ಡದು. 1992ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಎಂಬ ವಿದ್ವಾಂಸರು ಒಂದೇ ಧ್ವನಿಮುದ್ರಿತ ಪಾಠವನ್ನು ಎರಡು ಗುಂಪು ವಿದ್ಯಾರ್ಥಿಗಳಿಗೆ ಕೇಳಿಸಿದ ಪ್ರಯೋಗದ ವರದಿ ಪ್ರಕಟವಾಯಿತು. ಧ್ವನಿ ಅಲ್ಲಿಯದೇ ಇಂಗ್ಲಿಷ್ ಮಾತೃಭಾಷೆಯವರದು. ಒಂದು ಗುಂಪಿಗೆ ಬಿಳಿಯ ಮಹಿಳೆಯ ಚಿತ್ರ ತೋರಿಸಿದರು, ಇನ್ನೊಂದಕ್ಕೆ ಏಷ್ಯಾ ಮೂಲದ ಮಹಿಳೆಯ ಚಿತ್ರ. ಎರಡನೆಯ ಗುಂಪಿನವರಿಗೆ ಪರದೇಶಿ ಉಚ್ಚಾರ ಹೆಚ್ಚು ಕೇಳಿಸಿತು. ಪಾಠ ತಲೆಗೆ ಹೋದದ್ದೂ ಕಡಿಮೆ. ಅವರು ಸುಳ್ಳು ಹೇಳಲಿಲ್ಲ, ಹಾಗೆಯೇ ಕೇಳಿಸಿತು. ಇಲ್ಲದ ಸದ್ದನ್ನೂ ಮನಸ್ಸು ತುಂಬಿಕೊಡುತ್ತದೆ. 1970ರಲ್ಲಿ ರಿಚರ್ಡ್ ವಾರನ್ ಮಾತಿನ ನಡುವಿನ ಒಂದು ಧ್ವನಿಯನ್ನು ಕತ್ತರಿಸಿ ಅಲ್ಲಿ ಕೆಮ್ಮು ಸೇರಿಸಿದರು. ಕೇಳುಗರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು, ಕೆಮ್ಮು ಎಲ್ಲಿ ಬಂತೆಂದು ಸರಿಯಾಗಿ ತೋರಿಸಲಾಗಲಿಲ್ಲ.

ನಮ್ಮ ಪೇಟೆಯಲ್ಲೇ ನೋಡಿ. ‘ಪಟ್ಟಿ’ ಎಂದರೆ ರೇಷನ್ ಅಂಗಡಿಯಲ್ಲಿ ಹೆಸರುಗಳ ಸಾಲು, ಮಲಯಾಳ ಆಡುವ ಓಣಿಯಲ್ಲಿ ನಾಯಿ. ಸದ್ದು ಒಂದೇ; ನಿಂತ ಜಾಗ ಅರ್ಥವನ್ನು ಆರಿಸುತ್ತದೆ.

ಹೀಗೆ ಪರೀಕ್ಷಿಸಿ. ಐದು ಮಕ್ಕಳು: ಇಬ್ಬರು ಕಾಸರಗೋಡಿನವರು, ಇಬ್ಬರು ಸುಳ್ಯ ಪುತ್ತೂರಿನವರು, ಒಬ್ಬರು ಶಿವಮೊಗ್ಗದವರು. ಎಲ್ಲರೂ ಒಂದೇ ವಯಸ್ಸಿನವರಿರಲಿ, ಒಂದೇ ಪರಿಚ್ಛೇದ ಓದಲಿ, ಅರ್ಧ ನಿಮಿಷ ಸಾಕು. ಒಂದೇ ಮೊಬೈಲು, ಬಾಯಿಂದ ಒಂದು ಗೇಣು ದೂರ. ಒಬ್ಬರದನ್ನು ಫ್ಯಾನಿನ ಕೆಳಗೆ, ಇನ್ನೊಬ್ಬರದನ್ನು ಮುಚ್ಚಿದ ಕೋಣೆಯಲ್ಲಿ ಹಿಡಿದರೆ ಕೇಳುಗರು ಕೋಣೆಗೇ ಅಂಕ ಕೊಡುತ್ತಾರೆ. ಊರಿನ ಹೆಸರು ಬೇಡ, ಸಂಖ್ಯೆ ಮಾತ್ರ. ಯಾವ ಧ್ವನಿಯಲ್ಲಿ ಮಲಯಾಳದ ವಾಸನೆ ಇದೆಯೆಂದು ಮಕ್ಕಳ ಪರಿಚಯವಿಲ್ಲದ ಹತ್ತು ಮಂದಿ ತಮ್ಮಷ್ಟಕ್ಕೇ ಚೀಟಿಯಲ್ಲಿ ಬರೆಯಲಿ. ಒಬ್ಬರು ಬಾಯಿ ಬಿಟ್ಟರೆ ಉಳಿದವರಿಗೂ ಅದೇ ಕೇಳಿಸುತ್ತದೆ. ಬೇರೆ ಹತ್ತು ಮಂದಿಗೆ ಸುಳ್ಯದ ಧ್ವನಿಯನ್ನು ‘ಕಾಸರಗೋಡಿನದು’ ಎಂದು ಹೇಳಿ ಕೇಳಿಸಿ, ಎರಡೂ ಗುಂಪಿನ ಚೀಟಿ ಹೋಲಿಸಿ. ಆಮೇಲೆ ನಿಜ ಹೇಳಿಬಿಡಿ. ನೀವು ಮಾತ್ರ ಕೇಳುಗರಲ್ಲಿ ಕೂರಬೇಡಿ, ಮಗಳ ಧ್ವನಿ ನಿಮಗೆ ಗುರುತು ಸಿಗುತ್ತದೆ.

ಸ್ಪರ್ಧೆ ನಡೆಸುವವರಿಗೆ ಇಷ್ಟು ಮಾಡುವುದು ಕಷ್ಟವೆ? ಅಮೆರಿಕದ ವಾದ್ಯವೃಂದಗಳು 1970ರ ದಶಕದಿಂದಲೇ ಪರದೆಯ ಹಿಂದೆ ನುಡಿಸಲು ಹೇಳಿ ಕಲಾವಿದರನ್ನು ಆರಿಸತೊಡಗಿದವು. ನಮ್ಮಲ್ಲಿ ಊರು, ಶಾಲೆ, ತಂದೆಯ ಹೆಸರು ಎಲ್ಲವನ್ನೂ ಮೈಕಿನಲ್ಲಿ ಹೇಳಿ ಆಮೇಲೆ ಅಂಕ ಹಾಕುತ್ತಾರೆ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮರುದಿನ ಕವಿ ಗೋವಿಂದ ಪೈಗಳ ಮಂಜೇಶ್ವರದಲ್ಲಾಗಲಿ ಕವಿ ಕಯ್ಯಾರರ ಪೆರಡಾಲದಲ್ಲಾಗಲಿ ಯಾರ ನಾಲಗೆಯೂ ಹೊರಳಲಿಲ್ಲ, ಹೊರಳಿದ್ದು ಕೇಳುವವರ ಕಿವಿ. ‘ಗಡಿನಾಡ ಕನ್ನಡಿಗರು’ ಎಂದು ಶಾಲು ಹೊದಿಸುವವರೇ ನಮ್ಮ ಮಕ್ಕಳ ಕನ್ನಡವನ್ನು ಮೂಸಿ ನೋಡುವುದು ನಿಲ್ಲಬೇಕು.

ನಿಮಗೊಂದು ಮಾತು. ಮಗಳನ್ನು ಮಾತು ಮಾತಿಗೆ ತಡೆದು ತಿದ್ದಬೇಡಿ. ಎದುರಿಗೆ ತಪ್ಪು ಹಿಡಿಯುವವರಿದ್ದಾರೆ ಎಂಬ ಅಳುಕಿದ್ದರೆ ಉಸಿರು ಕಿರಿದಾಗುತ್ತದೆ, ಪದದ ಕೊನೆ ಗಂಟಲಲ್ಲೇ ಉಳಿಯುತ್ತದೆ. ಮುಂದಿನ ತೀರ್ಪುಗಾರರಿಗೆ ಬೇಕಾದ ಸಾಕ್ಷಿ ಆಗ ಮನೆಯಲ್ಲೇ ತಯಾರಾಗುತ್ತದೆ.