ಅಡ್ಡಹೆಸರು ಹೆಗಡೆ ಅಂದಮಾತ್ರಕ್ಕೆ ರಾಮಕೃಷ್ಣ ಹೆಗಡೆ ನಮಗೆ ನೆಂಟರಾ?

ನಾನೂ ಇದೇ ಪ್ರಶ್ನೆ ಹಿಡಿದು ಎರಡು ವರ್ಷ ಅಲೆದವನು. ನಾವೂ ಹೆಗಡೆಗಳೇ, ಶಿರಸಿ ಕಡೆಯವರು. ಒಂದು ನೋಟ್‌ಬುಕ್ ಇಟ್ಟಿದ್ದೆ. ಮೊದಲ ಪುಟದಲ್ಲಿ 1983ರಿಂದ 1988ರವರೆಗೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ. ಆಮೇಲೆ ಲೋಕಸಭೆಯ ಸ್ಪೀಕರ್ ಆಗಿದ್ದ ಕೆ.ಎಸ್. ಹೆಗ್ಡೆ. ಯಕ್ಷಗಾನದ ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ. ಎಲ್ಲರನ್ನೂ ನಮ್ಮ ಅಜ್ಜನಿಗೆ ಜೋಡಿಸುವ ಆಸೆ.

ಆಗ ಅಜ್ಜಿ ಇದ್ದಳು. "ರಾಮಕೃಷ್ಣ ಹೆಗಡೆ ನಮಗೆ ಏನಾಗಬೇಕು?" ಅಂತ ಕೇಳಿದೆ. "ಏನೂ ಆಗಬೇಕಿಲ್ಲ. ಅವರು ದೊಡ್ಮನೆಯವರು. ನಮ್ಮ ಮೂಲಮನೆ ಬೇರೆ. ಹಿಸ್ಸೆ ಆದಾಗ ನಿನ್ನ ಮುತ್ತಜ್ಜ..." ಅಂತ ಶುರು ಮಾಡಿದಳು. ನಾನು ತಡೆದು ಮುಂದಿನ ಹೆಸರು ಕೇಳಿದೆ. ಹೀಗೆ ಎಷ್ಟೋ ಸಂಜೆ. ಅವಳು ಪ್ರತಿ ಸಲ ಮೂಲಮನೆಗೆ ಹೋಗುತ್ತಿದ್ದಳು, ನಾನು ಪ್ರತಿ ಸಲ ವಾಪಸ್ ಎಳೆಯುತ್ತಿದ್ದೆ. ನನಗೆ ಬೇಕಿದ್ದದ್ದು ದೊಡ್ಡ ಹೆಸರು. ಅವಳ ಹತ್ತಿರ ಇದ್ದದ್ದು ನಮ್ಮದೇ ಹೆಸರುಗಳು. ಒಂದನ್ನೂ ಬರೆದುಕೊಳ್ಳಲಿಲ್ಲ. ಆ ಮಳೆಗಾಲದಲ್ಲಿ ತೀರಿಕೊಂಡಳು.

ಹೆಗಡೆ ಅನ್ನುವುದು ಮೂಲದಲ್ಲಿ ಹುದ್ದೆ. ಹಳೆಯ ಶಾಸನಗಳಲ್ಲಿ ಪೆರ್ಗಡೆ ಅಂತ ಬರುತ್ತದೆ, ಅಧಿಕಾರಿ ಅಂತ ಅರ್ಥ. ಹಾಗಾಗಿಯೇ ಹವ್ಯಕರಲ್ಲೂ ಹೆಗಡೆಗಳಿದ್ದಾರೆ, ಬಂಟರಲ್ಲೂ ಇದ್ದಾರೆ, ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಕೆ.ಎಸ್. ಹೆಗ್ಡೆ ಬಂಟರು. ಇವರನ್ನೆಲ್ಲ ಒಂದೇ ವಂಶದಲ್ಲಿ ಹುಡುಕುವುದು ಸುಮ್ನೆ ದಂಡ.

ಗುರುತು ಇರುವುದು ಹೆಸರಿನ ಮುಂಭಾಗದಲ್ಲಿ. ಕೆರೆಮನೆ, ಚಿಟ್ಟಾಣಿ ಎರಡೂ ಹೊನ್ನಾವರ ತಾಲೂಕಿನವೇ, ಇಬ್ಬರೂ ಹವ್ಯಕರೇ, ಆದರೂ ಮನೆತನ ಬೇರೆ. ಶಂಭು ಹೆಗಡೆಯವರ ತಂದೆ ಶಿವರಾಮ ಹೆಗಡೆಯವರೂ ಕೆರೆಮನೆಯವರೇ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದವರು ಅವರು. ನೆಂಟಸ್ತಿಕೆ ತೋರಿಸುವುದು ಆ ಕೆರೆಮನೆ, ಹೆಗಡೆ ಅಲ್ಲ.

ಪ್ರಸಿದ್ಧರ ಪಟ್ಟಿ ಬಿಟ್ಟುಬಿಡಿ ಅಂತಲೇ ನಾನು ಹೇಳುವುದು. ಮನೆಯಲ್ಲಿ ಹಿರಿಯರು ಇದ್ದಾರಲ್ವಾ? ನಮ್ಮ ಮೂಲಮನೆ ಯಾವುದು, ಯಾರ ಸಾವಿಗೆ ನಮಗೆ ಸೂತಕ ಬರುತ್ತದೆ, ಇಷ್ಟೇ ಕೇಳಿ. ಸೂತಕದ ಲೆಕ್ಕ ಅವರಿಗೆ ಬಾಯಿಪಾಠ ಇರುತ್ತದೆ. ಮಧ್ಯೆ ಬಾಯಿ ಹಾಕಬೇಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ.

ಅಜ್ಜಿ ಹೇಳುತ್ತಿದ್ದ ಮೂಲಮನೆಯ ಹೆಸರು 'ಬ' ಅಕ್ಷರದಿಂದ ಶುರುವಾಗುತ್ತಿತ್ತು. ನನಗೆ ನೆನಪಿರುವುದು ಅಷ್ಟೇ.